ಒಂಟಿ ಸಾಕ್ಷಿಯ ಚುಕ್ಕಿ

ಪ್ರಯೋಗಾಲಯದವರೆಲ್ಲ ಅವರನ್ನು ಚುಕ್ಕಿ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೂ ಹಾಗೆಯೇ, ಬೆನ್ನ ಹಿಂದೆಯೂ ಹಾಗೆಯೇ. ಬೆನ್ನ ಹಿಂದೆ ಬೇರೆ ಹೆಸರಿಡುವಂಥ ಕೆಲಸವನ್ನು ಅವರು ಯಾರಿಗೂ ಮಾಡಿರಲಿಲ್ಲ. ಮೂರನೆಯ ಮಹಡಿಯ ಮೂಲೆಯ ಕೋಣೆ, ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕ ಗೀಟು ಹಾಕಿದ ದಪ್ಪ ನೋಟ್‌ಬುಕ್ಕು, ಚೂಪು ಮಾಡಿಟ್ಟ ನಾಲ್ಕು ಪೆನ್ಸಿಲ್ಲು. ಇಪ್ಪತ್ತೆರಡು ವರ್ಷದಿಂದ ಅವರ ಕೆಲಸ ಒಂದೇ: ಗಾಜಿನ ಪಟ್ಟಿಯ ಮೇಲೆ ಕೂರಿಸುವ ಚುಕ್ಕಿಗಳನ್ನು ರಚಿಸುವುದು.

ಇದೇನೋ ನಮಗೆ ನಿಲುಕದ ವಿದ್ಯೆ ಎಂದು ಓಡಬೇಡಿ. ಅವರು ಹೇಳಿಕೊಟ್ಟರೆ ಗೇಟು ಕಾಯುವವನಿಗೂ ಅರ್ಥವಾಗುತ್ತಿತ್ತು. ನಮ್ಮ ಮೈಯ ಕಣಕಣದಲ್ಲೂ ಡಿಎನ್‌ಎ ಎಂಬ ಉದ್ದನೆಯ ದಾರವಿದೆ. ಅದರ ಮೇಲಿನ ಬರಹಕ್ಕೆ ನಾಲ್ಕೇ ನಾಲ್ಕು ಅಕ್ಷರ. ಒಂದೊಂದು ಅಕ್ಷರಕ್ಕೂ ಒಂದೊಂದೇ ಜೋಡಿ, ಅಂಗಿಯ ಗುಂಡಿಗೆ ಕಾಜ ಇದ್ದ ಹಾಗೆ. ಚಿಕ್ಕಮ್ಮ ಇಪ್ಪತ್ತೈದು ಕಾಜಗಳ ಒಂದು ತುಣುಕನ್ನು ಬರೆದುಕೊಟ್ಟರೆ ಯಂತ್ರ ಅದನ್ನು ಗಾಜಿಗೆ ಅಂಟಿಸುತ್ತದೆ, ಅದೇ ಒಂದು ಚುಕ್ಕಿ. ರಕ್ತದಿಂದ ತೆಗೆದ ದಾರಕ್ಕೆ ಬಣ್ಣ ಹಚ್ಚಿ ಗಾಜಿನ ಮೇಲೆ ಹರಿಸಿದಾಗ, ಹೊಂದುವ ತುಣುಕು ಬಂದು ಇಪ್ಪತ್ತೈದು ಗುಂಡಿಯನ್ನೂ ಹಾಕಿಕೊಂಡು ಕೂರುತ್ತದೆ, ಚುಕ್ಕಿ ಬೆಳಗುತ್ತದೆ. ಆ ತುಣುಕು ಮೈಯಲ್ಲೇ ಇಲ್ಲದಿದ್ದರೆ ಚುಕ್ಕಿ ಕಪ್ಪಾಗಿಯೇ ಉಳಿಯುತ್ತದೆ. ಒಂದು ಗಾಜಿನ ಮೇಲೆ ಇಂಥವು ಸಾವಿರಾರು.

ಬರೆಯುವುದು ಯಾರಿಗಾದರೂ ಬಂದೀತು, ಸರಿಯಾಗಿ ಬರೆಯುವುದು ಹರಸಾಹಸ. ತುಣುಕು ತನ್ನ ಮೇಲೆ ತಾನೇ ಮಡಚಿಕೊಳ್ಳಬಾರದು. ಕಂಡಕಂಡವರಿಗೆಲ್ಲ ಅಂಟಿಕೊಳ್ಳುವ ಚಾಳಿಯದ್ದಾಗಬಾರದು. ಗಾಜು ತೊಳೆಯುವ ಬಿಸಿ ಒಂದೇ ಆದ್ದರಿಂದ, ಅಷ್ಟೂ ಚುಕ್ಕಿಗಳು ಹೆಚ್ಚುಕಡಿಮೆ ಒಂದೇ ಬಿಸಿಗೆ ಹಿಡಿತ ಬಿಡುವಂತಿರಬೇಕು. ಕಂಪ್ಯೂಟರು ಹತ್ತು ತುಣುಕು ಸೂಚಿಸಿದರೆ ಚಿಕ್ಕಮ್ಮ ಒಂಬತ್ತನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕುತ್ತಿದ್ದರು, ಹತ್ತನೆಯದರ ಮೇಲೂ ಅನುಮಾನ ಇಟ್ಟುಕೊಳ್ಳುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಹೆತ್ತಮ್ಮನಿಗೆ ಮಾತ್ರ ತನ್ನ ಹೆಗ್ಗಣ ಹೆಗ್ಗಣವಾಗಿಯೇ ಕಾಣುತ್ತಿತ್ತು. ಪರೀಕ್ಷೆಯೊಂದು ಕೆಟ್ಟಾಗ ಉಳಿದವರು ಬಣ್ಣ ಹಳೆಯದು, ಗಾಜು ಸರಿಯಿಲ್ಲ, ಕರೆಂಟು ಹೋಗಿತ್ತು ಎಂದು ನೆಲದ ಡೊಂಕು ಹುಡುಕುತ್ತಿದ್ದರು. ಕುಂಬಳಕಾಯಿ ಕದಿಯದೆಯೂ ಮೊದಲು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದವರು ಚಿಕ್ಕಮ್ಮ ಒಬ್ಬರೇ. ಅಂಥವರ ಕೈಕೆಳಗೆ ಕೆಲಸ ಕಲಿಯುವುದು ಭಾಗ್ಯ, ದಿನಾ ಏಗುವುದು ಮಾತ್ರ ಸ್ವಲ್ಪ ಕಷ್ಟ.

ಅವರದೊಂದು ನಿಯಮವಿತ್ತು. ದಾರದ ಯಾವುದೇ ಭಾಗ ಇದೆ, ಇಲ್ಲ ಎಂದು ಹೇಳಬೇಕಾದರೂ ಮೂರು ಚುಕ್ಕಿಗಳು ಒಂದೇ ಮಾತು ಆಡಬೇಕು. "ಒಬ್ಬನ ಮಾತು ಕಟ್ಕೊಂಡು ಯಾರನ್ನೂ ಜೈಲಿಗೆ ಹಾಕ್ಬಾರದು," ಎನ್ನುತ್ತಿದ್ದರು. ಅದನ್ನು ಅವರು ಮುರಿದದ್ದು ಒಂದೇ ಸಲ, ಸ್ನಾಯು ಕರಗುವ ಕಾಯಿಲೆಯ ಜೀನಿನಲ್ಲಿ. ಅದರ ಒಂದು ಭಾಗ ತೀರಾ ಚಿಕ್ಕದು, ಸುತ್ತಲಿನ ಬರಹ ಮೈಯಲ್ಲಿ ಬೇರೆ ಕಡೆಯೂ ಬರುವಂಥದ್ದು. ಎಷ್ಟು ತಿಣುಕಿದರೂ ಅಲ್ಲಿ ಒಂದೇ ಚುಕ್ಕಿಗೆ ಜಾಗ ಸಿಕ್ಕಿತು. ಏಳು ವರ್ಷದ ಹಿಂದೆ ನೋಟ್‌ಬುಕ್ಕಿನಲ್ಲಿ ಅದರ ಮುಂದೆ ‘ಒಂಟಿ ಸಾಕ್ಷಿ’ ಎಂದು ಬರೆದು, ಅಡಿಗೆರೆ ಎಳೆದು, ಮುಂದಿನ ಪುಟಕ್ಕೆ ಹೋಗಿದ್ದರು.

ನಾಲ್ಕು ವರ್ಷದ ಹಿಂದೆ ಶಾಲೆಯ ಬಸ್ಸು ಓಡಿಸುವ ಹೆಂಗಸೊಬ್ಬರು ಅದೇ ಪರೀಕ್ಷೆಗೆ ಬಂದರು. ಮೂವತ್ತರ ವಯಸ್ಸು, ಮದುವೆಯಾಗಿ ಒಂದು ವರ್ಷ. ಅವರ ಅಣ್ಣ ಹತ್ತಕ್ಕೆ ನಡಿಗೆ ಕಳೆದುಕೊಂಡು ಹತ್ತೊಂಬತ್ತಕ್ಕೆ ತೀರಿಕೊಂಡಿದ್ದ. ಆಗ ಅವನ ರಕ್ತವನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಈ ಜೀನು ಗಂಡಸಿನಲ್ಲಿ ಇರುವುದು ಒಂದೇ ಪ್ರತಿ. ಅದರ ಅಂಥ ಭಾಗ ಹೋದರೆ ಕಾಯಿಲೆ ತಪ್ಪಿದ್ದಲ್ಲ. ಹೆಂಗಸಿನಲ್ಲಿ ಎರಡು ಪ್ರತಿ. ಒಂದು ಕೆಟ್ಟರೂ ಆಕೆ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತಾಳೆ, ಆದರೆ ಹುಟ್ಟುವ ಮಗನಿಗೆ ಅದು ದಾಟಬಹುದು. ತನ್ನಲ್ಲಿ ಅದು ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಹಿಡಿದು ಬಂದಿದ್ದರು ಆ ಡ್ರೈವರಮ್ಮ.

ಒಂಟಿ ಸಾಕ್ಷಿಯ ಚುಕ್ಕಿ ಅರ್ಧ ಮಾತ್ರ ಬೆಳಗಿತು. ಚಿಕ್ಕಮ್ಮ ಇನ್ನೊಂದು ಗಾಜಿನ ಮೇಲೆ ಮಾಡಿಸಿದರು, ಮತ್ತೆ ಅರ್ಧ. ಎರಡರಲ್ಲಿ ಒಂದು ಪ್ರತಿ ಕೆಟ್ಟಿದೆ ಎಂದು ವರದಿ ಹೋಯಿತು. ಡ್ರೈವರಮ್ಮ ಮೂಲೆಯ ಕೋಣೆಗೇ ಬಂದು, "ಯಾವ ಚುಕ್ಕಿ, ತೋರಿಸ್ತೀರಾ?" ಎಂದು ಕೇಳಿದರು. ಚಿಕ್ಕಮ್ಮ ತೋರಿಸಿದರು. ಆಕೆ ಕಂಪ್ಯೂಟರಿನ ಪರದೆಯ ಮೇಲೆ ಆ ಚುಕ್ಕಿಗೆ ಬೆರಳಿಟ್ಟರು.

"ಇಷ್ಟು ಚಿಕ್ಕದಾ," ಎಂದರು. "ಆಯ್ತು. ನಮಗೆ ಮಕ್ಕಳು ಬೇಡ ಬಿಡಿ. ಅಣ್ಣ ಪಟ್ಟಿದ್ದನ್ನ ನೋಡಿದೀನಿ, ಇನ್ನೊಂದು ಜೀವಕ್ಕೆ ಅದನ್ನ ಕೊಡಲ್ಲ."

ಆಕೆ ಹೋದ ಮೇಲೂ ಬೆರಳಿನ ಗುರುತು ಪರದೆಯ ಮೇಲೆ ಇತ್ತು. ಚಿಕ್ಕಮ್ಮ ಆ ದಿನ ಅದನ್ನು ಒರೆಸಲಿಲ್ಲ.

ಈ ವರ್ಷ ಹೊಸ ಗಾಜುಗಳು ಬಂದವು. ಅವನ್ನು ಆರೋಗ್ಯವಂತರ ರಕ್ತದಲ್ಲಿ ಒರೆಗೆ ಹಚ್ಚಿ ನೋಡಬೇಕಿತ್ತು. ಗ್ಯಾಸ್ ಸಿಲಿಂಡರು ತಂದುಕೊಡುವವನು ಕೇಳಿದ ಕೂಡಲೇ ತೋಳು ಚಾಚಿದ. ಐವತ್ತರ ಆಸಾಮಿ. ಲಿಫ್ಟು ಕೆಟ್ಟ ದಿನ ಸಿಲಿಂಡರನ್ನು ಹೆಗಲಿಗೇರಿಸಿ ಮೂರು ಮಹಡಿ ಹತ್ತಿ, ಹತ್ತುವಾಗಲೂ ಸೀಟಿ ಹೊಡೆಯುವವನು. ಅವನ ಗಾಜಿನ ಮೇಲೆ ಒಂಟಿ ಸಾಕ್ಷಿ ಪೂರ್ತಿ ಕಪ್ಪು.

"ಧೂಳು ಕೂತಿರ್ಬೇಕು," ಎಂದಳು ಚಿಕ್ಕಮ್ಮನ ಸಹಾಯಕಿ. ಬೇರೆ ಗಾಜಿನ ಮೇಲೆ ಮಾಡಿದಳು, ಮತ್ತೆ ಕಪ್ಪು. "ಹಾಗಾದ್ರೆ ಆ ಭಾಗ ಇಲ್ಲ ಅಂತ ಬರೀಲಾ? ಯಂತ್ರಾನೂ ಹಾಗೇ ಹೇಳ್ತಿದೆ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತೀಯಲ್ಲ," ಎಂದರು ಚಿಕ್ಕಮ್ಮ. "ಅವನು ಗಂಡಸು. ಇರೋದೇ ಒಂದು ಪ್ರತಿ. ಅದ್ರಲ್ಲಿ ಆ ಭಾಗ ಇಲ್ಲ ಅಂದ್ರೆ ಚಿಕ್ಕಂದಿನಲ್ಲೇ ಗಾಲಿಕುರ್ಚಿ ಹಿಡೀಬೇಕಿತ್ತು. ಈಗ ಎಲ್ಲಿದಾನೆ ನೋಡು."

ನೋಡುವುದೇನು, ಮೆಟ್ಟಿಲ ಮೇಲಿಂದ ಸೀಟಿ ಕೇಳಿಸುತ್ತಿತ್ತು.

"ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದಾರೆ," ಎಂದರು ಚಿಕ್ಕಮ್ಮ. "ಅವನ ಕಾಲಂತೂ ಅಲ್ಲ. ನನ್ನ ಚುಕ್ಕಿ."

ಚುಕ್ಕಿಯನ್ನು ಬದಿಗಿಟ್ಟು, ಅವನ ಜೀನಿನ ಆ ಭಾಗವನ್ನು ಅಕ್ಷರ ಅಕ್ಷರವಾಗಿ ಓದಿಸಿದರು. ಭಾಗ ಅಲ್ಲೇ ಇತ್ತು. ಚುಕ್ಕಿ ಹಿಡಿಯಬೇಕಾದ ಇಪ್ಪತ್ತೈದರ ನಟ್ಟನಡುವೆ ಒಂದೇ ಒಂದು ಅಕ್ಷರ ಬೇರೆಯಾಗಿತ್ತು. ಯಾರಿಗೂ ಏನೂ ತೊಂದರೆ ಮಾಡದ, ಎಲ್ಲೋ ಕೆಲವರ ಮೈಯಲ್ಲಿ ತನ್ನ ಪಾಡಿಗೆ ತಾನು ಇರುವ ಸಾಧು ಅಕ್ಷರ. ಆದರೆ ಹದಿಮೂರನೆಯ ಗುಂಡಿ ಕೂರದ ಮೇಲೆ ಅಂಗಿ ನಿಲ್ಲುವುದು ಹೇಗೆ? ದಾರ ಬಂದಿತ್ತು, ಹಿಡಿತ ಸಿಕ್ಕದೆ ತೊಳೆದುಹೋಗಿತ್ತು.

ಚಿಕ್ಕಮ್ಮನಿಗೆ ಪರದೆಯ ಮೇಲಿನ ಬೆರಳು ನೆನಪಾಯಿತು. ಅರ್ಧ ಬೆಳಗಿದ ಚುಕ್ಕಿಯನ್ನು ತಾನು ಎರಡು ಸಲ ಕೇಳಿದ್ದು ನಿಜ. ಸುಳ್ಳುಗಾರನನ್ನು ಎರಡು ಸಲ ಕೇಳಿದರೆ ಎರಡು ಸಲವೂ ಅದೇ ಸುಳ್ಳು. ಫ್ರೀಜರಿನಿಂದ ಡ್ರೈವರಮ್ಮನ ಹಳೆಯ ಮಾದರಿಯನ್ನು ತೆಗೆಸಿದರು. ಒಂದು ಪ್ರತಿಯಲ್ಲಿ ಅದೇ ಸಾಧು ಅಕ್ಷರ. ಅಷ್ಟಕ್ಕೇ ಬಿಡದೆ ಇಡೀ ಜೀನನ್ನು ಈ ತುದಿಯಿಂದ ಆ ತುದಿಗೆ ಓದಿಸಿದರು, ಇನ್ನೊಂದು ಪ್ರಯೋಗಾಲಯದಲ್ಲೂ ಓದಿಸಿದರು. ಎರಡು ಪ್ರತಿಯೂ ಸರಿಯಾಗಿದ್ದವು. ಏಳು ವರ್ಷದ ವರದಿಗಳನ್ನೆಲ್ಲ ಕೆದಕಿದರು. ಒಂಟಿ ಸಾಕ್ಷಿಯೊಬ್ಬನ ಮಾತಿನ ಮೇಲೆಯೇ ತೀರ್ಪು ಕೊಟ್ಟದ್ದು ಆಕೆಯೊಬ್ಬರಿಗೇ.

ಪ್ರಯೋಗಾಲಯದ ಮುಖ್ಯಸ್ಥರು ಕೆಟ್ಟವರಲ್ಲ, ಹೆದರುವವರು. "ಹೊಸ ಮಾಹಿತಿಯಂತೆ ವರದಿ ಪರಿಷ್ಕರಿಸಲಾಗಿದೆ ಅಂತ ಒಂದು ಪತ್ರ ಹಾಕಿ," ಎಂದರು. "ತಪ್ಪು ಅನ್ನೋ ಪದ ಬೇಡ. ಆ ಅಕ್ಷರದ ವಿಷಯ ಆಗ ಯಾರಿಗೂ ಗೊತ್ತಿರ್ಲಿಲ್ಲ."

"ಅಕ್ಷರ ಗೊತ್ತಿರ್ಲಿಲ್ಲ. ಸಾಕ್ಷಿ ಒಂದೇ ಅನ್ನೋದು ಗೊತ್ತಿತ್ತು." ಚಿಕ್ಕಮ್ಮ ನೋಟ್‌ಬುಕ್ಕು ತೆರೆದು ಅಡಿಗೆರೆ ತೋರಿಸಿದರು. "ಅವರ ಜೀನನ್ನ ಆಗ್ಲೇ ಓದಿಸ್ಬಹುದಿತ್ತು. ನಾನು ಓದಿಸಲಿಲ್ಲ."

"ಆಕೆ ದೂರು ಕೊಟ್ರೆ ನಿಮ್ಮ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲು."

"ಅವರ ನಾಲ್ಕು ವರ್ಷ ಎಲ್ಲಿಗೆ ಹೋಯ್ತು ಅಂತ ಮೊದ್ಲು ಕೇಳೋಣ ಸಾರ್," ಎಂದರು ಚಿಕ್ಕಮ್ಮ. ಇಂಥ ಮಾತನ್ನು ಆಡುವವರು ಬಹಳ ಜನ ಸಿಗುತ್ತಾರೆ. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಡುವವರು ಸಿಗುವುದಿಲ್ಲ.

ಮನೆಯಲ್ಲಿ ಗಂಡ ಕನ್ನಡಕದ ಅಂಗಡಿಯವರು, ಮಾತು ಕಡಿಮೆ. "ಅವರ ಮನೆಗೆ ನಾನೂ ಬರ್ಲಾ?" ಎಂದು ಕೇಳಿದರು.

"ಬೇಡ. ಚುಕ್ಕಿ ಬರೆದಿದ್ದು ನಾನೊಬ್ಬಳೇ."

ಗಂಡ ಅವರ ಕನ್ನಡಕ ಇಸಿದುಕೊಂಡು, ಒರೆಸಿ, ವಾಪಸ್ಸು ಕೊಟ್ಟರು.

ಡ್ರೈವರಮ್ಮನ ಮನೆ ಬಸ್ಸು ಡಿಪೋದ ಹಿಂದಿನ ಬೀದಿಯಲ್ಲಿ, ಎರಡನೆಯ ಮಹಡಿ. ಬಾಗಿಲು ತೆಗೆದ ಆಕೆ ನೋಡಿದ ಕೂಡಲೇ ಗುರುತು ಹಿಡಿದರು. ಕೂರಿ ಎಂದರೆ ಚಿಕ್ಕಮ್ಮ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಒಂದೂ ನೆರವಿಗೆ ಬರಲಿಲ್ಲ. "ನಿಮ್ಮ ವರದಿ ತಪ್ಪು. ನಿಮ್ಮ ಆ ಜೀನಿನ ಎರಡು ಪ್ರತಿಯೂ ಸರಿಯಾಗೇ ಇವೆ. ತಪ್ಪು ನಂದು," ಎಂದಷ್ಟೇ ಹೇಳಿ, ಆಮೇಲೆ ಸಿಲಿಂಡರಿನವನಿಂದ ಹಿಡಿದು ಎಲ್ಲವನ್ನೂ ಹೇಳಿದರು.

ಡ್ರೈವರಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದರು. "ನಾಲ್ಕು ವರ್ಷ," ಎಂದರು ಕೊನೆಗೆ. "ಮಕ್ಕಳನ್ನ ಹತ್ತಿಸಿ ಇಳಿಸಿ ಮಾಡೋಕಾಗ್ದೆ ಶಾಲೆ ಬಸ್ಸು ಬಿಟ್ಟೆ. ಈಗ ಕಾರ್ಖಾನೆ ಬಸ್ಸು ಓಡಿಸ್ತೀನಿ."

ಚಿಕ್ಕಮ್ಮ ತಲೆ ತಗ್ಗಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆಕೆ ಅತ್ತು ಮುಗಿಸುವವರೆಗೆ ನಿಂತೇ ಇದ್ದರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದರು.

"ನನಗೆ ಹೇಳಿದ್ದಾಯ್ತು," ಎಂದರು ಡ್ರೈವರಮ್ಮ ಮುಖ ಒರೆಸಿಕೊಂಡು. "ಈಗ ಅಮ್ಮಂಗೆ ಹೇಳಿ. ಮಗನಿಗೂ ನಾನೇ ಕೊಟ್ಟೆ, ಮಗಳಿಗೂ ನಾನೇ ಕೊಟ್ಟೆ ಅಂತ, ಆ ವರದಿ ಬಂದಾಗಿಂದ ಅಮ್ಮ ನನ್ನ ಮುಖ ಸರಿಯಾಗಿ ನೋಡಿಲ್ಲ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತೀನಿ ಅನ್ಕೋತಾರೆ."

ಒಳಕೋಣೆಯಲ್ಲಿ ಆ ತಾಯಿ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದರು. ಚಿಕ್ಕಮ್ಮ ಅವರ ಎದುರು ನೆಲದ ಮೇಲೆ ಕೂತು ಹೇಳಿದರು. ಅವರು ಕೈ ನಿಲ್ಲಿಸಿದರು.

"ನನ್ನ ಮಗನದು?"

"ಅವನ ವಿಷಯ ನನಗೆ ಗೊತ್ತಿಲ್ಲಮ್ಮ. ಗೊತ್ತಿಲ್ಲದ್ದನ್ನ ಇನ್ನೊಂದ್ಸಲ ಹೇಳಲ್ಲ. ಮಗಳ ವಿಷಯ ಗೊತ್ತು. ಅವಳಿಗೆ ನೀವು ಆ ಕಾಯಿಲೆ ಕೊಟ್ಟಿಲ್ಲ. ಕೆಟ್ಟಿದ್ದು ನನ್ನ ಚುಕ್ಕಿ."

"ಇನ್ನೊಂದ್ಸಲ ಹೇಳಿ."

ಚಿಕ್ಕಮ್ಮ ಇನ್ನೊಂದು ಸಲ ಹೇಳಿದರು. ಅವರು ಮತ್ತೆ ಕೇಳಿದರು, ಚಿಕ್ಕಮ್ಮ ಮೂರನೆಯ ಸಲವೂ ಹೇಳಿದರು. ಆಗ ಆ ತಾಯಿ ತೊಡೆಯ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಬಾಗಿಲಲ್ಲಿ ನಿಂತಿದ್ದ ಮಗಳ ಮುಖವನ್ನು ತಲೆಯೆತ್ತಿ ನೋಡಿದರು.