ಪಟದ ಮುಂದಿನ ಟೀ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆನೇಕಲ್ ಬಸ್ಸಿಗೆ ಕಾಯುತ್ತ ಟೀ ಅಂಗಡಿಗೆ ಹೋದೆ. ಅಂಗಡಿಯವರು ನಿವೃತ್ತ ಸೈನಿಕರು. ಮೊದಲು ಬಂದವನು ನಾನು. ಅವರು ಮೊದಲ ಲೋಟ ಇಟ್ಟದ್ದು ಗೋಡೆಯ ಮೇಲಿದ್ದ ಯೋಧನೊಬ್ಬನ ಪಟದ ಮುಂದೆ. ನನಗೆ ಸಿಡಿಮಿಡಿಯಾಯಿತು.

"ನನ್ ಜೊತೆಗಾರ ಸಾರ್. ಅಸ್ಸಾಂ ಬೆಟ್ಟದಲ್ಲಿ ಬಂಡುಕೋರರ ಗುಂಡಿಗೆ ಪ್ರಾಣ ಬಿಟ್ಟ. ಆ ಚಳೀಲಿ ಇಬ್ರಿಗೂ ಒಂದೇ ಮಗ್ಗು. ಮೊದಲ ಗುಟುಕು ನಂಗೇ ಕೊಡೋನು."

ಅಷ್ಟರಲ್ಲಿ ಎದುರಿನ ಕಂಪನಿಯ ಸೆಕ್ಯೂರಿಟಿ ಗಾರ್ಡ್ ಬಂದು, ಪಟಕ್ಕೆ ಕೈಮುಗಿದು, ಆ ಲೋಟವನ್ನೇ ಎತ್ತಿಕೊಂಡ.

ಅವನು ಅತ್ತ ಸರಿದ ಮೇಲೆ ಅಂಗಡಿಯವರು ಹೇಳಿದರು: "ಅದೇ ಬೆಟ್ಟದ ಕಡೆಯೋನು. ಇವನ ಅಪ್ಪ ಬಂಡುಕೋರರ ಜೊತೆಗಿದ್ದು, ನಮ್ಮೋರ ಗುಂಡಿಗೆ ಸತ್ನಂತೆ."

"ಗೊತ್ತಿದ್ದೂ ಆ ಟೀ ಕೊಡ್ತೀರಾ?"

ಅವರು ನನ್ನ ಲೋಟಕ್ಕೆ ಟೀ ಸೋಸಿದರು.

"ಎಡೆ ಇಟ್ಟಿದ್ದನ್ನ ಮನೆಯೋರೇ ತಾನೇ ಸಾರ್ ತಗೊಳ್ಳೋದು."