ನಮ್ಮ ಭಾವನ ಬಲಗಾಲು

ಭಾವನ ಕೈಗೆ ಕಾಫಿ ಲೋಟ ಕೊಡಲು ಹೋದವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಲೋಟ ಹತ್ತಿರ ಬಂದಂತೆ ಅವರ ಬಲಗಾಲು ಅರ್ಧ ಹೆಜ್ಜೆ ಹಿಂದಕ್ಕೆ ಸರಿದು ಅಡ್ಡಲಾಗಿ ಊರಿಕೊಳ್ಳುತ್ತಿತ್ತು. ಆಮೇಲೆ ಕೈ ಮುಂದೆ ಬರುತ್ತಿತ್ತು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದರೂ ಅಷ್ಟೇ, ಬೀದಿಯಲ್ಲಿ ಪರಿಚಯದವರು ಕೈ ಚಾಚಿದರೂ ಅಷ್ಟೇ. ನಮ್ಮ ಅಕ್ಕನ ಜೊತೆ ಅವರ ಮದುವೆಯಾದಾಗ, ಅಕ್ಕ ಹಾರ ಎತ್ತಿದ ಕೂಡಲೇ ಮದುಮಗ ಹಿಂದಕ್ಕೆ ಹೋಗಿಬಿಟ್ಟರು. ಛತ್ರದಲ್ಲಿ ಯಾರೋ, "ಹಿಡ್ಕಳ್ರೋ, ಗಂಡು ಓಡೋಗ್ತಾವ್ನೆ!" ಎಂದು ಕೂಗಿದರು. ಅಕ್ಕ ಈ ಮಾತನ್ನು ಹಿಡಿದುಕೊಂಡು ಅವರನ್ನು ಜೀವಮಾನವೆಲ್ಲ ರೇಗಿಸಿದಳು.

ಆ ಕಾಲನ್ನು ಹಾಗೆ ಮಾಡಿದ್ದು ತೆಂಗಿನ ನಾರು. ಭಾವ ನಿಟ್ಟೂರಿನ ಕಡೆಯವರು, ಅಲ್ಲಿನ ಕ್ರಿಕೆಟ್ ಟೀಮಿನ ಬ್ಯಾಟ್ಸ್‌ಮನ್. ನಾನು ಗುಬ್ಬಿಯವನು, ಗುಬ್ಬಿ ಟೀಮಿಗೆ ಫಾಸ್ಟ್ ಬೌಲರ್ ಆಗಿದ್ದೆ. ಈಗ ನನ್ನ ಹೊಟ್ಟೆ ನೋಡಿದವರು ಇದನ್ನು ನಂಬುವುದಿಲ್ಲ, ಬಿಡಿ. ಆಗ ನಮ್ಮ ಕಡೆಯ ಮೈದಾನಗಳಲ್ಲಿ ದೊಡ್ಡ ಊರುಗಳಲ್ಲಿದ್ದಂಥ ಮಣ್ಣಿನ ಪಿಚ್ ಎಲ್ಲಿತ್ತು? ನೆಲವನ್ನು ಬಡಿದು ಗಟ್ಟಿ ಮಾಡಿ, ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಎರಡೂ ಟೀಮಿನವರು ಎರಡು ಕಡೆ ಹಿಡಿದು ಜಗ್ಗಿ, ಸುತ್ತಲೂ ಮೊಳೆ ಹೊಡೆಯುತ್ತಿದ್ದೆವು. ಅದರ ಮೇಲೆ ಬಿದ್ದ ಬಾಲು ಎದೆಮಟ್ಟಕ್ಕೆ ನೆಗೆಯುತ್ತಿತ್ತು. ಮುಂದಕ್ಕೆ ಕಾಲಿಟ್ಟು ಆಡಲು ಹೋದವನ ಬೆರಳು ಜಜ್ಜಿ ಹೋಗುತ್ತಿತ್ತು. ಬಾಲು ಪೂರ್ತಿ ಏಳುವ ತನಕ ಹಿಂದೆ ಕಾಯ್ದು ಹೊಡೆಯಬೇಕು, ಮ್ಯಾಟಿನ ಮೇಲೆ ಬದುಕುವ ದಾರಿ ಅದೊಂದೇ. ಭಾವ ಅದರಲ್ಲಿ ರಾಕ್ಷಸ. ಕುಣಿಗಲ್ಲಿನ ಒಂದು ಮ್ಯಾಚಿನಲ್ಲಿ ನಾನು ಕಣ್ಣು ಕೆಂಪಗೆ ಮಾಡಿಕೊಂಡು ಹಾಕಿದ ಬಾಲುಗಳನ್ನೆಲ್ಲ ಅವರು ಸೊಪ್ಪು ತರಿದಂತೆ ತರಿದು ಹಾಕಿದರು. ಮ್ಯಾಚು ಮುಗಿದ ಮೇಲೆ ನಾನು ನಾಚಿಕೆ ಬಿಟ್ಟು, ಅದು ಹೇಗೆ ಹೊಡೆಯುತ್ತೀರಿ ಎಂದು ಕೇಳಿದೆ.

"ಬಾಲು ಬರೋತನ್ಕ ಸುಮ್ನೆ ನಿಂತ್ಕಬೇಕು ಕಣ್ಲಾ. ನಾವ್ಯಾಕೆ ಎದ್ರುಗೋಗಿ ಕರ್ಕಂಡ್ ಬರ್ಬೇಕು? ಅದೇನು ನೆಂಟ್ರಾ?" ಎಂದರು.

ಅವತ್ತಿನಿಂದ ಅವರು ನಮ್ಮ ಮನೆಗೆ ಬರಲು ಶುರು ಮಾಡಿದರು. ನನ್ನ ಬೌಲಿಂಗ್ ನೋಡಲು ಬರುತ್ತಾರೆಂದು ನಾನು ತಿಳಿದಿದ್ದೆ. ಎಂಥ ಪೆದ್ದ! ವರ್ಷ ತಿರುಗುವುದರೊಳಗೆ ಅಕ್ಕನನ್ನು ಕೇಳಿಯೇಬಿಟ್ಟರು.

ಮದುವೆಯಾದ ಮೇಲೆ ರಾಜ್ಯದ ಟೀಮು ಸೇರಿದರು. ಬೆಂಗಳೂರಿನ ಪಿಚ್ಚಿನಲ್ಲಿ ಆಗ ಬಾಲು ಚೆನ್ನಾಗಿ ಏಳುತ್ತಿತ್ತು, ಹಾಗಾಗಿ ಅಲ್ಲಿಯೂ ಅವರ ಆಟ ನಡೆಯಿತು. ಸೆಂಚುರಿ ಮೇಲೆ ಸೆಂಚುರಿ. ಕೊನೆಗೊಂದು ದಿನ ದೇಶದ ಟೀಮಿಗೇ ಕರೆ ಬಂತು. ಗುಬ್ಬಿಯಲ್ಲಿ ವಾಲಗ ಊದಿಸಿ ಮೆರವಣಿಗೆ ಮಾಡಿದರು. ಬ್ಯಾಟು ಹಿಡಿಯುವುದು ಯಾವ ಕಡೆಯಿಂದ ಎಂದು ತಿಳಿಯದವರೂ ಬಂದು ನನ್ನ ಕೈ ಕುಲುಕಿ, "ನಿಮ್ ಭಾವ ಇಂಡಿಯಾ ಆಡ್ತಾವ್ರಂತೆ!" ಎಂದರು. ನಾನೇ ಆಡಲು ಹೊರಟವನ ಹಾಗೆ ಎದೆಯುಬ್ಬಿಸಿಕೊಂಡು ತಿರುಗಿದೆ.

ಮೊದಲ ಟೆಸ್ಟು ದೂರದ ಒಂದೂರಿನಲ್ಲಿ. ನಮ್ಮ ನಡುಮನೆಯಲ್ಲಿ ಟೀವಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ಭಾವ ಬಂದು ನಿಂತರು. ಬಾಲು ಸ್ವಲ್ಪ ಗಿಡ್ಡಕ್ಕೆ, ಅವರಿಂದ ದೂರದಲ್ಲೇ ಬಿತ್ತು, ಬಲಗಾಲು ಹಿಂದಕ್ಕೆ ಹೋಯಿತು, ಬ್ಯಾಟು ಮೇಲೆದ್ದಿತು. ಬಾಲು ಮಾತ್ರ ಏಳಲಿಲ್ಲ. ನೆಲ ಸವರಿಕೊಂಡು ಬಂದು ಕಾಲಿಗೆ ಬಡಿಯಿತು. ಎಲ್‌ಬಿಡಬ್ಲ್ಯು. "ಅಯ್ಯೋ, ಏಳ್ಲೇ ಇಲ್ವಲ್ಲೋ ಅದು!" ಎಂದು ಅಕ್ಕ ಬಾಯಿಗೆ ಸೆರಗು ಹಿಡಿದಳು. ಎರಡನೆಯ ಇನ್ನಿಂಗ್ಸಿನಲ್ಲೂ ಅದೇ. ಮುಂದಿನ ಟೆಸ್ಟಿನಲ್ಲಿ ಒಂದಿಷ್ಟು ರನ್ನು ಹೊಡೆದು ನಮಗೆಲ್ಲ ಆಸೆ ಹುಟ್ಟಿಸಿ, ಆಮೇಲೆ ಮತ್ತೆ ಅದೇ ಕಾಲು, ಅದೇ ಹೆಜ್ಜೆ. ಟೀವಿಯವರು ಅದನ್ನೇ ನಿಧಾನವಾಗಿ ತೋರಿಸಿದ್ದೂ ತೋರಿಸಿದ್ದೇ. ಆ ಟೀವಿಗೆ ಒನಕೆ ತೆಗೆದುಕೊಂಡು ಕುಟ್ಟೋಣ ಅನ್ನಿಸಿತ್ತು ನನಗೆ.

ಟೀಮಿನಿಂದ ಕೈಬಿಟ್ಟರು. ಆದರೆ ಬಾಗಿಲು ಪೂರ್ತಿ ಹಾಕಲಿಲ್ಲ. ಫ್ರಂಟ್‌ಫುಟ್ ಆಟ ಸರಿ ಮಾಡಿಕೊಂಡು ಬಾ, ಮಳೆಗಾಲ ಕಳೆದ ಮೇಲೆ ನೋಡೋಣ ಎಂದು ಹೇಳಿ ಕಳಿಸಿದ್ದರು. ಭಾವ ಬ್ಯಾಗು ಹೊತ್ತು ನೆಟ್ಟಗೆ ನಮ್ಮ ಮನೆಗೆ ಬಂದರು.

"ಭಾಮೈದ, ನಿಮ್ ಕಣ ಖಾಲಿ ಐತೇನ್ಲಾ?"

ರಾಗಿ ಒಕ್ಕುವ ಕಣ. ಸಗಣಿ ಸಾರಿಸಿ ಸಾರಿಸಿ ನುಣ್ಣಗಾದ ನೆಲ. ಅದರ ಮೇಲೆ ಬಾಲು ಜಪ್ಪಯ್ಯ ಅಂದರೂ ಏಳುವುದಿಲ್ಲ. ಅವರಿಗೆ ಬೇಕಾಗಿದ್ದೂ ಅದೇ. ನಾನು ಬಾಲು ಹಾಕುವುದು, ಅವರು ಮುಂದಕ್ಕೆ ಕಾಲಿಟ್ಟು ಆಡುವುದು. ಕಾಲು ಕೇಳಬೇಕಲ್ಲ! ಹಾಕಿದ ಬಾಲಿಗೆಲ್ಲ ಹಿಂದಕ್ಕೇ. ಕೊನೆಗೆ ಅವರೇ ಒಂದು ಗೂಟ ತಂದು ಮುಂದೆ ಹೊಡೆದರು. ನಾರಿನ ಹಗ್ಗದಿಂದ ಬಲಗಾಲನ್ನು ಅದಕ್ಕೆ ಕಟ್ಟಿಕೊಂಡು, ಹಿಂದಕ್ಕೆ ಹೋಗದ ಹಾಗೆ ಬಿಗಿ ಮಾಡಿ, "ಹಾಕ್ಲಾ ಈಗ" ಎಂದರು.

ಬೇಸಿಗೆಯೆಲ್ಲ ಹೀಗೇ ನಡೆಯಿತು. ಹಗ್ಗ ಉಜ್ಜಿ ಕಣಕಾಲಿನ ಚರ್ಮ ಸುಲಿದು ಹೋಯಿತು. ಅಕ್ಕ ದಿನಾ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುವಳು. ಹಚ್ಚುವಾಗ ಬೈಗುಳ ನನಗೆ. "ಮನುಷ್ಯನ್ನ ದನ ಕಟ್ದಂಗೆ ಕಟ್ಟಾಕಿ ಹೊಡೀತಿಯಲ್ಲೋ, ನಿನಗೆ ಕರುಳಿಲ್ವೇನೋ!"

ಭಾವ ನಗುತ್ತಿದ್ದರು. "ಅವ್ನ ಯಾಕೆ ಬೈತೀಯೇ? ಈ ಕಾಲು ದನವೇ ಕಣೇ. ಬುಟ್ರೆ ಹಟ್ಟಿ ಕಡೀಕೇ ಓಡೋಗುತ್ತೆ. ಇನ್ನೊಂದಿಷ್ಟು ದಿನ ಕಟ್ಟಾಕಿದ್ರೆ ಬುದ್ಧಿ ಬತ್ತದೆ."

ಬುದ್ಧಿ ಬಂತು. ಮಳೆ ಹಿಡಿಯುವ ಹೊತ್ತಿಗೆ ಹಗ್ಗ ಬಿಚ್ಚಿದರೂ ಬಲಗಾಲು ನಿಂತಲ್ಲೇ ನಿಂತು ಎಡಗಾಲು ಮುಂದಕ್ಕೆ ಹೋಗತೊಡಗಿತು. ಕಣದ ಮೇಲೆ ನಾನು ಏನು ಹಾಕಿದರೂ ಬ್ಯಾಟಿನ ನಡುಮಧ್ಯಕ್ಕೇ. "ನೋಡ್ದೇನ್ಲಾ, ಈಗ ನೆಂಟ್ರನ್ನ ಎದ್ರುಗೋಗಿ ಕರ್ಕಂಡ್ ಬರ್ತೀನಿ" ಎಂದು ಅವರು ಬ್ಯಾಟು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಮಳೆಗಾಲ ಕಳೆಯಿತು. ಆಯ್ಕೆ ಮಾಡುವವರು ಬಂದು ಕೂತ ಮ್ಯಾಚು ಬೆಂಗಳೂರಿನಲ್ಲೇ, ಬಾಲು ಏಳುವ ಅದೇ ಪಿಚ್ಚಿನಲ್ಲೇ. ನಾನೂ ಅಕ್ಕನೂ ಹೋಗಿದ್ದೆವು. ಗಿಡ್ಡಕ್ಕೆ ಬಿದ್ದು ಎದೆಗೆ ನುಗ್ಗಿದ ಬಾಲು. ಹಿಂದಿನ ವರ್ಷವಾಗಿದ್ದರೆ ಅದು ಬೌಂಡರಿಯಾಚೆ ಇರುತ್ತಿತ್ತು. ಭಾವನ ಕಾಲು ಹಿಂದಕ್ಕೆ ಹೊರಟು, ಏನೋ ಜ್ಞಾಪಿಸಿಕೊಂಡಂತೆ ಮುಂದಕ್ಕೆ ಬರಲು ನೋಡಿ, ನಡುವೆ ನಿಂತಿತು. ಬಾಲು ಗ್ಲೌಸಿಗೆ ತಾಗಿ ಕ್ಯಾಚಾಯಿತು. ಎರಡನೆಯ ಸಲ ಮುಂದಕ್ಕೆ ಹೋಗಬೇಕಾದ ಬಾಲಿಗೆ ಹಿಂದಕ್ಕೆ ಹೋಗಿ ಬೌಲ್ಡ್ ಆದರು. ಹಳೆಯದು ಹೋಗಿತ್ತು, ಹೊಸದು ಬಂದಿರಲಿಲ್ಲ.

ಹೊರಗೆ ಬಂದವರು ಅಕ್ಕನ ಮುಖ ನೋಡಲಿಲ್ಲ. "ಕಾಲಿಗೇ ಗೊತ್ತಾಗ್ತಿಲ್ಲ ಕಣೋ. ಕೇಳಿದ್ರೆ ಎರಡೂ ಕಡೀಕೂ ಕೈ ತೋರುಸ್ತದೆ" ಎಂದು ನನಗೆ ಹೇಳಿದರು.

ಅಷ್ಟಕ್ಕೇ ಮುಗಿದಿದ್ದರೆ ದೇಶದ ಟೀಮು ಹೋಯಿತು, ಹಾಳಾಗಿ ಹೋಗಲಿ ಅನ್ನಬಹುದಿತ್ತು. ಊರಿಗೆ ಬಂದು ನಮ್ಮದೇ ನಾರಿನ ಮ್ಯಾಟಿನ ಮೇಲೆ ನಿಂತರು. ಅಲ್ಲಿಯೂ ಕಾಲು ನಡುವೆಯೇ ನಿಂತಿತು. ಯಾವ ಮ್ಯಾಟಿಗೆ ಅವರು ತಮ್ಮ ಕೈಯಾರೆ ಮೊಳೆ ಹೊಡೆದಿದ್ದರೋ ಅದರ ಮೇಲೆ, ನಮ್ಮ ಗುಬ್ಬಿಯ ಒಬ್ಬ ಕಾಲೇಜು ಹುಡುಗ ಅವರ ಬೆರಳು ಜಜ್ಜಿದ. ಭಾವ ಗ್ಲೌಸು ಬಿಚ್ಚಿ ಬೆರಳನ್ನು ಒಂದು ಸಲ ನೋಡಿಕೊಂಡು ಹೊರಗೆ ನಡೆದರು. ಮತ್ತೆ ಬ್ಯಾಟು ಹಿಡಿಯಲಿಲ್ಲ. ಕಾಫಿ ಲೋಟಕ್ಕೆ ಮಾತ್ರ ಆ ಹಾಳು ಕಾಲು ಮೊದಲಿನಂತೆಯೇ, ತಪ್ಪದೆ, ಚೆಂದವಾಗಿ ಹಿಂದಕ್ಕೆ ಹೋಗುತ್ತಿತ್ತು.

ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ರಿಟೈರ್ ಆಗುವವರೆಗೂ ಅಲ್ಲೇ ಇದ್ದರು. ತಾಲ್ಲೂಕಿನಲ್ಲಿ ಯಾವ ಟೂರ್ನಮೆಂಟ್ ನಡೆದರೂ ಅವರೇ ಮುಖ್ಯ ಅತಿಥಿ. ಪೇಟ ತೊಡಿಸಿ ಹಾರ ತಂದಾಗ ಕಾಲು ಹಿಂದಕ್ಕೆ, ಜನರಿಗೆಲ್ಲ ನಗು. ಒಬ್ಬ ಪಡ್ಡೆ ಹುಡುಗ ಮೊಬೈಲು ಹಿಡಿದು, "ಸರ್, ನಿಮ್ ಟೆಸ್ಟ್ ರನ್ನು ಇಷ್ಟೇ ತೋರಿಸ್ತಿದೆಯಲ್ಲ?" ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. "ಸರಿಯಾಗೇ ತೋರಿಸ್ತಿದೆ ಕಣಪ್ಪ" ಎಂದು ಭಾವ ಅವನ ಬೆನ್ನು ತಟ್ಟಿದರು. ಅವರಿಗೆ ಕೋಪ ಬರುತ್ತಿದ್ದದ್ದು ಬೇರೆ ಮಾತಿಗೆ. ಬೆಂಗಳೂರಿನವರು ನಿಮ್ಮನ್ನು ತುಳಿದುಬಿಟ್ಟರು ಎಂದು ಯಾರಾದರೂ ಪ್ರೀತಿಯಿಂದ ಹೇಳಿದರೆ ಮುಖ ಕೆಂಪಾಗುತ್ತಿತ್ತು. "ಯಾರೂ ತುಳೀಲಿಲ್ಲ. ಕರೆದ್ರು, ಅವಕಾಶ ಕೊಟ್ರು. ನನ್ ಕೈಲಿ ಆಗ್ಲಿಲ್ಲ." ಇದಕ್ಕೆ ಏನು ಸಮಾಧಾನ ಹೇಳುವುದು? ಬೈಯಲು ಒಬ್ಬ ಶತ್ರುವಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಭಾವನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ತುಮಕೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಒಬ್ಬ ಹೆಣ್ಣುಮಗಳು ದಿನಾ ಬಂದು, "ಬಲಗಾಲು ಮುಂದಿಡಿ ಅಂಕಲ್, ಒಂದೇ ಒಂದು ಹೆಜ್ಜೆ" ಎಂದು ಪುಸಲಾಯಿಸುವಳು. ಕಾಲು ಮಿಸುಕುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಲೋಟ ಹತ್ತಿರ ಒಯ್ದೆ. ಇಬ್ಬರೂ ಕೆಳಗೆ ನೋಡಿದೆವು. ಕಾಲು ಇದ್ದಲ್ಲೇ ಇತ್ತು.

"ನೋಡ್ಲಾ," ಎಂದರು ಭಾವ. ಮಾತು ತೊದಲುತ್ತಿತ್ತು. "ಈಗ ಹಿಂದಕ್ಕೆ ಹೋಗಲ್ಲ. ಟೀಮಿನವ್ರಿಗೆ ಹೇಳ್ ಕಳ್ಸು."

ತಮಾಷೆ ಎಂದುಕೊಂಡು ನಾನು ನಕ್ಕೆ. ಭಾವ ನಗಲಿಲ್ಲ. ನಾನು ಏನು ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದರು. "ಹೂಂ ಭಾವ, ಹೇಳ್ ಕಳುಸ್ತೀನಿ" ಎಂದು ಲೋಟವನ್ನು ಅವರ ಬಾಯಿಗೆ ಹಿಡಿದೆ.

ಮಳೆಗಾಲಕ್ಕೆ ಮುಂಚೆಯೇ ಹೋಗಿಬಿಟ್ಟರು. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಮನೆಯ ಮುಂದೆ ಮಲಗಿಸಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಪದ್ಧತಿಯಂತೆ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಲು ಬಟ್ಟೆಯ ಚೂರು ಹರಿದುಕೊಂಡು ಬಂದರು. ಪಕ್ಕದಲ್ಲೇ ಕೂತಿದ್ದ ಅಕ್ಕ ಅವರ ಕೈ ಹಿಡಿದುಕೊಂಡಳು.

"ಬ್ಯಾಡಣ್ಣ. ಆ ಕಾಲ್ನ ಕಟ್ಟಬ್ಯಾಡ."

"ಹಂಗಂದ್ರೆ ಹೆಂಗಮ್ಮ? ಶಾಸ್ತ್ರ ಅಲ್ವಾ, ಕಟ್ಲೇಬೇಕು."

"ಜೀವ ಇದ್ದಾಗ್ಲೇ ಕಟ್ಟಿದ್ದಾಯ್ತು," ಎಂದಳು ಅಕ್ಕ. "ಇನ್ನು ಬುಟ್ಬುಡು."

ಅವರು ನನ್ನ ಮುಖ ನೋಡಿದರು. ನಾನು ಆ ಬಟ್ಟೆಯ ಚೂರನ್ನು ಅವರ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ. ಭಾವನನ್ನು ಹಾಗೆಯೇ ಎತ್ತಿದೆವು. ದಾರಿಯುದ್ದಕ್ಕೂ ಬಲಗಾಲು ಪಕ್ಕಕ್ಕೆ ಹೊರಳಿಕೊಂಡಿತ್ತು. ಅದನ್ನು ಯಾರೂ ಸರಿ ಮಾಡಲು ಹೋಗಲಿಲ್ಲ.