ಗಂಜಿ ಚೆಲ್ಲಿದ ನೆಲ

ಪೊನ್ನಂಪೇಟೆ ಹತ್ತಿರದ ಒಂದು ಹಾಸ್ಟೆಲ್ಲಿನಲ್ಲಿ ನಾನು ಇನ್ನೂ ಕೆಲವು ಹೆಂಗಸರ ಜೊತೆ ಅಡುಗೆ ಕೆಲಸಕ್ಕಿದ್ದೇನೆ. ಮೊದಲು ಅಲ್ಲಿನ ಅಡುಗೆಮನೆಗೆ ಗಾರೆ ನೆಲವಿತ್ತು. ಅದನ್ನು ಅಗೆಸಿ ಬಿಳಿ ಟೈಲ್ಸ್ ಹಾಕಿಸಿದ ವಾರ್ಡನ್ನರು, ಬಂದವರನ್ನೆಲ್ಲ ಒಳಗೆ ಕರೆದು ತೋರಿಸುತ್ತಿದ್ದರು. ನಮಗೆ ಮಾತ್ರ ಅಂದಿನಿಂದ ಕಾಲೂರಿ ನಡೆಯಲು ಭಯ.

ಒಂದು ಮಧ್ಯಾಹ್ನ ನನ್ನ ಜೊತೆಗಾತಿಯೊಬ್ಬಳು ಅನ್ನ ಬಸಿಯುವಾಗ ಗಂಜಿ ನೆಲಕ್ಕೆ ಚೆಲ್ಲಿತು. ಅವಳು ಕಾಫಿ ತೋಟದ ಕೂಲಿಯವರ ಲೈನ್‌ಮನೆಯವಳು, ಮನೆಮಾತು ತಮಿಳು. ಒರೆಸುವ ಬಟ್ಟೆ ತರಲು ಹೊರಗೆ ಹೋದಳು. ಅಷ್ಟರಲ್ಲಿ ನಾನು ಸಾರಿಗೆ ಉಪ್ಪು ಹಾಕಲೆಂದು ಒಲೆಯ ಕಡೆ ನಡೆದೆ. ಬಿಳಿ ನೆಲದ ಮೇಲಿನ ಬಿಳಿ ಗಂಜಿ ಕಾಣಲೇ ಇಲ್ಲ. ಜಾರಿದವಳು ಬಲಗೈ ಊರಿ ಬಿದ್ದೆ. ಮಣಿಕಟ್ಟು ಮುರಿಯಿತು.

"ಅಯ್ಯೋ ಅಕ್ಕಾ, ಎಲ್ಲ ನನ್ನಿಂದ್ಲೇ ಆಯ್ತು," ಎಂದು ಬಟ್ಟೆ ಹಿಡಿದು ಓಡಿ ಬಂದ ಅವಳು ಅಳತೊಡಗಿದಳು.

ಸದ್ದು ಕೇಳಿ ಬಂದ ವಾರ್ಡನ್ನರು, "ನೋಡ್ಕೊಂಡು ನಡೀಬಾರ್ದಾ?" ಎಂದರು. ನೋವಿನಲ್ಲೂ ನನಗೆ ಸಿಟ್ಟು ಬಂತು. "ನೋಡ್ಕೊಂಡೇ ನಡೆದಿದ್ದು ಸಾರ್. ಈ ನೆಲದಲ್ಲಿ ಎಂಥ ಕಾಣ್ತದೆ?" ಎಂದೆ. ಅವರು ತಮ್ಮ ಕಾರಿನಲ್ಲೇ ಗೋಣಿಕೊಪ್ಪದ ಆಸ್ಪತ್ರೆಗೆ ಕರೆದೊಯ್ದರು.

ಪ್ಲಾಸ್ಟರ್ ಹಾಕಿದ ಮೇಲೆ ಒಂದೇ ಕೈಯಲ್ಲಿ ಬದುಕುವುದನ್ನು ಕಲಿಯಬೇಕಾಯಿತು. ಸ್ನಾನ, ಊಟ ಹೇಗೋ ನಡೆಯಿತು. ಜಡೆ ಹಾಕಿಕೊಳ್ಳಲು ಮಾತ್ರ ಆಗಲಿಲ್ಲ. ದಿನಾ ಬೆಳಿಗ್ಗೆ ಜೊತೆಗಾತಿ ಕೆಲಸಕ್ಕೆ ಹೋಗುವ ಮೊದಲು ಮನೆಗೆ ಬಂದು ಬಾಚಿ ಹೆಣೆದು ಹೋಗುತ್ತಿದ್ದಳು. ಬೇಡವೆಂದರೆ ಕೇಳುತ್ತಿರಲಿಲ್ಲ.

ಹಾಗೆ ಬಾಚುತ್ತಲೇ ಒಂದು ದಿನ ಹೇಳಿದಳು: "ಅಕ್ಕಾ, ನಾವ್ಯಾರೂ ಈಗ ಒಳಗೆ ಅನ್ನ ಬಸಿಯಲ್ಲ. ಹಂಡೆ ಹೊತ್ಕೊಂಡು ಹಿತ್ತಿಲಿಗೆ ಹೋಗ್ತೇವೆ. ಊಟ ತಡ ಆಗ್ತದೆ, ಮಕ್ಕಳು ತಟ್ಟೆ ಬಡೀತಾರೆ."

"ವಾರ್ಡನ್ ಬಯ್ಯಲಿಲ್ವಾ?"

"ಬೈದ್ರು. ನೆಲ ಸರಿಮಾಡ್ಸಿ, ಒಳಗೇ ಬಸೀತೇವೆ ಅಂದ್ವಿ."

ನಾನು ಕೆಲಸಕ್ಕೆ ಮರಳಿದಾಗ ಒಲೆಯ ಸುತ್ತ ಟೈಲ್ಸ್ ಕಿತ್ತು ಒರಟು ಕಲ್ಲು ಹಾಸಿದ್ದರು. ನೀರು ಹರಿದು ಹೋಗಲು ಪಕ್ಕದಲ್ಲೊಂದು ಚರಂಡಿಯೂ ಆಗಿತ್ತು. ನೋಡಲು ಚೆಂದವಿರಲಿಲ್ಲ, ಕಾಲು ಮಾತ್ರ ಗಟ್ಟಿಯಾಗಿ ನಿಂತಿತು.

ಕೈ ಈಗಲೂ ಪೂರ್ತಿ ತಿರುಗುವುದಿಲ್ಲ. ಚಳಿ ಬಿದ್ದರೆ ನೋಯುತ್ತದೆ. ಅಕ್ಕಿರೊಟ್ಟಿ ತಟ್ಟುವುದು ಆ ಜೊತೆಗಾತಿಯ ಪಾಲಿಗೆ ಹೋಯಿತು, ಒಗ್ಗರಣೆ ನನ್ನ ಪಾಲಿಗೆ ಬಂತು. ಅವಳ ರೊಟ್ಟಿ ನನ್ನದಕ್ಕಿಂತ ಸ್ವಲ್ಪ ದಪ್ಪ. ಮಕ್ಕಳು ಯಾರೂ ತಕರಾರು ಮಾಡಿಲ್ಲ.